ಎಂಜಿನ್ನಿನ ಕೋಡಿ

ಕೆರೆ ಕಟ್ಟಿಸಿದ ನಮ್ಮ ಹಿರಿಯರು ಏರಿಯನ್ನು ಎಷ್ಟು ಎಚ್ಚರದಿಂದ ಕಟ್ಟಿಸುತ್ತಿದ್ದರೋ ಕೋಡಿಯನ್ನೂ ಅಷ್ಟೇ ಎಚ್ಚರದಿಂದ ಕಟ್ಟಿಸುತ್ತಿದ್ದರು. ಹೆಚ್ಚಾದ ನೀರಿಗೆ ದಾರಿ ಬಿಡದಿದ್ದರೆ ಏರಿಯೇ ಒಡೆಯುತ್ತದೆ. ಟರ್ಬೋಚಾರ್ಜರ್ ಇರುವ ಕಾರಿನ ಎಂಜಿನ್ನಿಗೂ ಇಂಥದೊಂದು ಕೋಡಿ ಉಂಟು. ಅದನ್ನು ವೇಸ್ಟ್‌ಗೇಟ್ ಎನ್ನುತ್ತಾರೆ. ಟರ್ಬೋ ಎಂಬ ಹೆಸರನ್ನು ಕಾರಿನ ಹಿಂಬದಿಯಲ್ಲಿ ಹೊಳೆಯುವ ಅಕ್ಷರಗಳಲ್ಲಿ ಬರೆಸುತ್ತಾರೆ. ವೇಸ್ಟ್‌ಗೇಟಿನ ಹೆಸರನ್ನು ಯಾರೂ ಬರೆಸುವುದಿಲ್ಲ. ಆದರೂ ಟರ್ಬೋ ಕಾರಿನ ಚರಿತ್ರೆ ಬಹುಮಟ್ಟಿಗೆ ಈ ಬಾಗಿಲಿನ ಚರಿತ್ರೆಯೇ ಎಂದು ನನ್ನ ಎಣಿಕೆ.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಅದರಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದರು. ತೊಡಕು ಇರುವುದು ಈ ಉಪಾಯದ ಒಳಗೇ. ಗಾಳಿ ಹೆಚ್ಚಿದರೆ ಉರಿ ಹೆಚ್ಚು, ಉರಿ ಹೆಚ್ಚಿದರೆ ಹೊಗೆ ಹೆಚ್ಚು, ಹೊಗೆ ಹೆಚ್ಚಿದರೆ ಮತ್ತೆ ಗಾಳಿ ಹೆಚ್ಚು. ತಡೆ ಇಲ್ಲದಿದ್ದರೆ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ ತೂತಾಗುತ್ತದೆ.

ಈ ಬಾಗಿಲನ್ನು ಮೊದಲು ಪಳಗಿಸಿದವರು ಕಾರಿನವರಲ್ಲ, ವಿಮಾನದವರು. ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಲಿಬರ್ಟಿ ಎಂಜಿನ್ ಸಾಗಿಸಿ ಟರ್ಬೋವನ್ನು ಪರೀಕ್ಷಿಸಿದರು. ಎರಡನೆಯ ಮಹಾಯುದ್ಧದ ಬಿ-17, ಬಿ-24 ಬಾಂಬರುಗಳಲ್ಲಿ ವಿಮಾನ ಮೇಲೇರಿದಂತೆ ವೇಸ್ಟ್‌ಗೇಟ್ ಮುಚ್ಚಿಕೊಳ್ಳುತ್ತಾ ಹೋಗುತ್ತಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ-24ಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ರಿಪೇರಿ ಮಾಡಿ ವಾಯುಪಡೆಗೆ ಒಪ್ಪಿಸಿತು. 1968ರವರೆಗೂ ಅವು ನಮ್ಮ ಸೇವೆಯಲ್ಲಿದ್ದವು.

ಕಾರಿಗೆ ಟರ್ಬೋ ಬಂದದ್ದು 1962ರಲ್ಲಿ, ಅಮೆರಿಕದ ಜನರಲ್ ಮೋಟರ್ಸಿನ ಎರಡು ಮಾದರಿಗಳಲ್ಲಿ. ಷೆವ್ರೊಲೆ ಕೋರ್ವೇರ್‌ಗೆ ವೇಸ್ಟ್‌ಗೇಟೇ ಇರಲಿಲ್ಲ. ಹೊಗೆಯ ದಾರಿಯನ್ನೇ ಇಕ್ಕಟ್ಟಾಗಿಸಿ ಒತ್ತಡಕ್ಕೆ ಮಿತಿ ಹಾಕಿದ್ದರು. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ವೇಸ್ಟ್‌ಗೇಟ್ ಇತ್ತು. ಸಿಡಿತ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಪುಟ್ಟ ಟ್ಯಾಂಕೂ ಇತ್ತು. ಮಾಲೀಕರು ಆ ಟ್ಯಾಂಕ್ ತುಂಬಿಸಲು ಮರೆಯುತ್ತಿದ್ದರು. 1963ಕ್ಕೇ ಆ ಕಾರು ನಿಂತಿತು.

ಬಾಗಿಲನ್ನು ಟರ್ಬೋದ ಮೈಯಿಂದ ಬಿಡಿಸಿ ಹೊರಗಿಟ್ಟು ಹೆಸರು ಮಾಡಿದವರು ಜರ್ಮನಿಯ ಪೋರ್ಷೆಯವರು. 1972 ಮತ್ತು 1973ರಲ್ಲಿ ಕ್ಯಾನ್-ಆ್ಯಮ್ ರೇಸಿನ ಕಿರೀಟ ಗೆದ್ದ 917ರ ಪಾಠಗಳು, 1974ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ 911 ಟರ್ಬೋಗೆ ಇಳಿದವು: 3 ಲೀಟರ್, 260 ಅಶ್ವಶಕ್ತಿ. ಮೂರು ವರ್ಷಗಳ ನಂತರ ಸ್ವೀಡನ್ನಿನ ಸಾಬ್ ತನ್ನ 99 ಟರ್ಬೋವನ್ನು ತಂದಿತು. ದಿನಬಳಕೆಯ ಕಾರಿಗೆ ಬಾಗಿಲು ಟರ್ಬೋದ ಒಡಲೊಳಗೇ ಇದ್ದರೂ ಸಾಕು.

ಹೊರಗಿನ ಬಾಗಿಲಿನ ಲಾಭವೆಂದರೆ ಅದನ್ನು ಬೇಕಾದಷ್ಟು ದೊಡ್ಡದಾಗಿ ಇಡಬಹುದು. ಆದರೆ ಎಲ್ಲಿ ಕೂರಿಸಬೇಕೆಂಬುದರಲ್ಲಿ ಗುಟ್ಟಿದೆ. ಎಲ್ಲ ಸಿಲಿಂಡರುಗಳ ಹೊಗೆ ಒಂದಾಗುವ ಜಾಗದಲ್ಲೇ ಕವಲು ತೆಗೆಯಬೇಕು. ಒಂದೇ ಸಿಲಿಂಡರಿನ ಕೊಳವೆಗೆ ಬೆಸೆದರೆ ಉಳಿದವುಗಳ ಹೊಗೆ ಅತ್ತ ಸರಿಯಾಗಿ ಹರಿಯದು. ಕವಲು ಹರಿವಿನ ದಿಕ್ಕಿಗೆ ಓರೆಯಾಗಿರಬೇಕು. ಅಡ್ಡಡ್ಡ ಬೆಸೆದರೆ ವೇಗದ ಹೊಗೆ ತಿರುವನ್ನು ದಾಟಿ ನೇರ ಟರ್ಬೋಗೇ ನುಗ್ಗುತ್ತದೆ. ಬಾಗಿಲು ತೆರೆದಿದ್ದರೂ ಒತ್ತಡ ಏರುತ್ತಲೇ ಹೋಗುತ್ತದೆ. ಬಾಗಿಲನ್ನು ಮುಚ್ಚಿ ಹಿಡಿಯುವುದು ಸ್ಪ್ರಿಂಗ್. ತೆರೆಯುವುದು, ಕಂಪ್ರೆಸರಿನಿಂದ ತೆಳು ಕೊಳವೆಯಲ್ಲಿ ಡಯಾಫ್ರಮ್ಮಿನ ಅಡಿಗೆ ಬರುವ ಗಾಳಿಯ ಒತ್ತಡ. 0.8 ಬಾರ್‌ನ ಸ್ಪ್ರಿಂಗ್ ಹಾಕಿದ ಮೇಲೆ ಅದಕ್ಕಿಂತ ಕಡಿಮೆ ಮಿತಿ ಬೇಕೆಂದರೆ ಸ್ಪ್ರಿಂಗನ್ನೇ ಬದಲಿಸಬೇಕು. ಆ ರಬ್ಬರ್ ಕೊಳವೆ ಕಳಚಿತೋ, ಬಾಗಿಲು ಮುಚ್ಚಿಯೇ ಉಳಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಎಂಜಿನ್ನಿನ ಪ್ರಾಣ ಇಷ್ಟು ಸಣ್ಣದೊಂದು ಕೊಳವೆಯ ಕೈಯಲ್ಲಿ!

ಬೇಕೆಂದೇ ಬಾಗಿಲು ಮುಚ್ಚಿದವರೂ ಇದ್ದರು. 1977ರಲ್ಲಿ ಫ್ರಾನ್ಸಿನ ರೆನೊ ಕಂಪನಿ 1.5 ಲೀಟರಿನ ಟರ್ಬೋ ಎಂಜಿನ್ನನ್ನು ಫಾರ್ಮುಲಾ ಒನ್ ರೇಸಿಗೆ ತಂದಿತು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅದೇ ದಾರಿ ಹಿಡಿದರು. 1986ರ ಹೊತ್ತಿಗೆ ಅರ್ಹತಾ ಸುತ್ತಿಗಾಗಿ ವೇಸ್ಟ್‌ಗೇಟನ್ನು ಮುಚ್ಚಿಬಿಟ್ಟೇ ಓಡಿಸಿದ ತಂಡಗಳಿದ್ದವು. ಸಾವಿರಕ್ಕೂ ಮಿಕ್ಕ ಅಶ್ವಶಕ್ತಿ, ಕೆಲವೇ ಸುತ್ತುಗಳ ಆಯುಸ್ಸು. ಒತ್ತಡವನ್ನು 1987ರಲ್ಲಿ 4 ಬಾರ್‌ಗೆ, 1988ರಲ್ಲಿ 2.5 ಬಾರ್‌ಗೆ ಮಿತಿಗೊಳಿಸಿ, 1989ರಿಂದ ಟರ್ಬೋವನ್ನೇ ನಿಷೇಧಿಸಿದರು.

2014ರಲ್ಲಿ ಟರ್ಬೋ ಮರಳಿತು. ಆಗ ಅದಕ್ಕೆ ವಿದ್ಯುತ್ ಯಂತ್ರ ಜೋಡಿಸಿ, ಮಿಕ್ಕ ಹೊಗೆಯ ಶಕ್ತಿಯಿಂದ ವಿದ್ಯುತ್ತನ್ನೇ ಹಿಂಡಿಕೊಂಡರು. ವೇಸ್ಟ್‌ಗೇಟಿಗೆ ಕೆಲಸ ಕಡಿಮೆಯಾಯಿತು. ಕಾರುಗಳ ಸದ್ದು ಸಪ್ಪೆಯಾಯಿತೆಂದು ಪ್ರೇಕ್ಷಕರು ಗೊಣಗಿದರು. 2016ರ ನಿಯಮವು ವೇಸ್ಟ್‌ಗೇಟಿನ ಹೊಗೆಗೆಂದೇ ಪ್ರತ್ಯೇಕ ಕೊಳವೆ ಇರಬೇಕೆಂದು ವಿಧಿಸಿತು, ಗದ್ದಲ ಸ್ವಲ್ಪ ಹೆಚ್ಚಲೆಂದು.