ಔಷಧದಂಗಡಿಯ ಆರೋಗ್ಯಸೇವೆ: ಗುಜರಾತಿನ ಮೂರು ನಗರಗಳಲ್ಲಿ ಜನರ ನಿಲುವು

ಬಡಾವಣೆಯ ಔಷಧದಂಗಡಿ ಮಾತ್ರೆ ಮಾರುವುದರ ಜೊತೆಗೆ ಬಿ.ಪಿ., ಸಕ್ಕರೆ ಪರೀಕ್ಷೆ, ಔಷಧ ಸಲಹೆ, ಕ್ಷಯರೋಗಿಗಳ ಪತ್ತೆ ಮೊದಲಾದ ಸೇವೆಗಳನ್ನೂ ಒದಗಿಸಬೇಕೆಂಬ ವಿಚಾರ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹಳೆಯದೇ. ಜ್ವರಕ್ಕೋ ಭೇದಿಗೋ ಏನಾದರೂ ಕೊಡಿ ಎಂದು ಗಿರಾಕಿ ಕೇಳುವುದು, ಅಂಗಡಿಯಾತ ಎರಡು ಪ್ರಶ್ನೆ ಹಾಕಿ ನಾಲ್ಕು ಮಾತ್ರೆ ಕತ್ತರಿಸಿ ಕೊಡುವುದು ಯಾವ ನಿಯಮಕ್ಕೂ ಕಾದು ಬಂದ ಪದ್ಧತಿಯಲ್ಲ. ಆದರೆ ಕೇಳಿದ್ದನ್ನು ಕೊಡುವ ‘ಭಾಯಿ’ಯನ್ನು ನಂಬಿದ ಜನ, ಆತನನ್ನು ಆರೋಗ್ಯವೃತ್ತಿಯವನೆಂದು ಒಪ್ಪಿದ್ದು ಕಡಿಮೆ.

ಇದಕ್ಕೆ ಕಾರಣ ಅಂಗಡಿಯ ಹುಟ್ಟಿನಲ್ಲೇ ಇದೆ. ವೈದ್ಯರು ಹೇಳಿದ ಶುಂಠಿ, ಅಳಲೆಕಾಯಿಗಳನ್ನು ‘ಗಾಂಧಿ’ ಎನಿಸಿಕೊಂಡ ಗಂಧಿಗೆ ವ್ಯಾಪಾರಿಗಳು ಮಾರುತ್ತಿದ್ದರು. ಅಲೋಪಥಿ ಬಂದಾಗ ಆ ಜಾಗಕ್ಕೆ ಕಾಂಪೌಂಡರ್ ಬಂದ. ಆತ ಸೀಸೆಗೆ ಮಿಕ್ಸ್ಚರ್ ತುಂಬಿ, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಡೋಸು. ನಮ್ಮ ಊರುಗಳ ಹಿರಿಯರಿಗೂ ಆ ಪಟ್ಟಿ ನೆನಪಿರುತ್ತದೆ. ಆತ ಡಾಕ್ಟರ ನೆರಳಿನಲ್ಲಿದ್ದವನು, ಸ್ವತಂತ್ರವಾಗಿ ಸಲಹೆ ಕೊಡುವ ಅಧಿಕಾರ ಯಾರೂ ಕೊಟ್ಟಿರಲಿಲ್ಲ. 1948ರ ಫಾರ್ಮಸಿ ಕಾಯ್ದೆ ಬಂದಾಗ ಅನುಭವಿ ಕಾಂಪೌಂಡರುಗಳಿಗೂ ಮೊದಲ ನೋಂದಣಿ ಪುಸ್ತಕದಲ್ಲಿ ಸ್ಥಾನ ಸಿಕ್ಕಿತು.

ಗುಜರಾತಿನ ವಿಶೇಷವೆಂದರೆ ಇಲ್ಲಿ ಔಷಧವಿದ್ಯೆ ಬೆಳೆದದ್ದು ಕಾರ್ಖಾನೆಯ ಕಡೆಗೆ. ವಡೋದರಾದಲ್ಲಿ 1907ರಲ್ಲಿ ಅಲೆಂಬಿಕ್, 1943ರಲ್ಲಿ ಸಾರಾಭಾಯಿ ಕೆಮಿಕಲ್ಸ್, ಅಹಮದಾಬಾದಿನಲ್ಲಿ 1952ರಲ್ಲಿ ಕ್ಯಾಡಿಲಾ ಶುರುವಾದವು. 1947ರಲ್ಲಿ ಅಹಮದಾಬಾದಿನಲ್ಲಿ ತೆರೆದ ಎಲ್.ಎಂ. ಫಾರ್ಮಸಿ ಕಾಲೇಜಿನಂಥ ಕಡೆ ಓದಿದವರಿಗೆ ಈ ಉದ್ಯಮವೇ ದೊಡ್ಡ ಆಕರ್ಷಣೆಯಾಯಿತು. ಅಂಗಡಿಯ ಕೌಂಟರು ಬಹುಮಟ್ಟಿಗೆ ಡಿಪ್ಲೊಮಾದವರ, ಅದಕ್ಕಿಂತ ಹೆಚ್ಚಾಗಿ ಮಾಲೀಕನ ಮನೆಯವರ ಮತ್ತು ಹುಡುಗರ ಪಾಲಾಯಿತು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟನ ಉಸ್ತುವಾರಿಯಲ್ಲೇ ಕೊಡಬೇಕೆಂದು ನಿಯಮ ಹೇಳಿದರೂ, ಪ್ರಮಾಣಪತ್ರ ಗೋಡೆಯಲ್ಲಿ, ಫಾರ್ಮಸಿಸ್ಟ್ ಬೇರೆಲ್ಲೋ ಎಂಬ ಸ್ಥಿತಿ ದೇಶದ ಉಳಿದೆಡೆಯಂತೆ ಇಲ್ಲೂ ದೂರಾಗಿಯೇ ಉಳಿದಿದೆ. ಎದುರಿಗೆ ನಿಂತವನು ಓದಿದವನೋ ಕೆಲಸದ ಹುಡುಗನೋ ತಿಳಿಯದ ಗಿರಾಕಿ ಸಲಹೆಗೆ ಬೆಲೆ ಕಟ್ಟುವುದು ಹೇಗೆ?

1994ರ ಸೆಪ್ಟೆಂಬರಿನಲ್ಲಿ ಸೂರತ್‌ಗೆ ಪ್ಲೇಗ್ ಬಂದಾಗ ಈ ಸಂಬಂಧ ಬಯಲಿಗೆ ಬಿತ್ತು. ಲಕ್ಷಾಂತರ ಜನ ಊರು ಬಿಡುತ್ತಿದ್ದಾಗಲೇ ಟೆಟ್ರಾಸೈಕ್ಲಿನ್‌ಗಾಗಿ ಔಷಧದಂಗಡಿಗಳಿಗೆ ಮುಗಿಬೀಳುವುದು ನಡೆಯಿತು, ದಾಸ್ತಾನು ಖಾಲಿಯಾಯಿತು. ರೋಗವಿಲ್ಲದವರೂ ಮುಂಜಾಗ್ರತೆಗೆಂದು ನುಂಗಿದರು. ಭಯದಲ್ಲಿ ಜನ ಮೊದಲು ಓಡಿದ್ದು ಅಂಗಡಿಗೆ. ಓಡಿದ್ದು ಮಾತ್ರೆಗೇ ಹೊರತು ಸಲಹೆಗಲ್ಲ. ಔಷಧದಂಗಡಿಯವರನ್ನು ಆರೋಗ್ಯ ವ್ಯವಸ್ಥೆಯ ಕೊಂಡಿಯಾಗಿ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1988ರಲ್ಲಿ ದೆಹಲಿಯಲ್ಲೇ ಸೇರಿ ಚರ್ಚಿಸಿದ್ದರೂ ಸೂರತ್‌ನ ಕೌಂಟರಿಗೆ ಅದರ ಗಾಳಿ ತಟ್ಟಿರಲಿಲ್ಲ.

ಆಮೇಲಿನ ಬದಲಾವಣೆಗಳು ಹೆಚ್ಚಾಗಿ ಕಾನೂನಿನ ಕಡೆಯಿಂದ ಬಂದವು. 2014ರ ಮಾರ್ಚ್‌ನಿಂದ ಷೆಡ್ಯೂಲ್ ಎಚ್1 ಜಾರಿಯಾಗಿ, ಕೆಲವು ಆ್ಯಂಟಿಬಯಾಟಿಕ್ ಮತ್ತು ಕ್ಷಯದ ಔಷಧಗಳ ಮಾರಾಟಕ್ಕೆ ಪ್ರತ್ಯೇಕ ರಿಜಿಸ್ಟರ್ ಕಡ್ಡಾಯವಾಯಿತು. ಚೀಟಿ ಕೇಳುವುದನ್ನು ಹಳೆಯ ಗಿರಾಕಿ ಅವಮಾನವೆಂದೇ ಭಾವಿಸುವುದುಂಟು. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟನ ಕರ್ತವ್ಯವಾಗಿಸಿತು. 2018ರ ಮಾರ್ಚ್‌ನಲ್ಲಿ ಕ್ಷಯರೋಗಿಗಳ ಮಾಹಿತಿ ಕೊಡುವ ಹೊಣೆ ಅಂಗಡಿಗಳಿಗೂ ಬಂತು. ಕಾಯಿಲೆಯ ಸುದ್ದಿ ವಸತಿ ಸೊಸೈಟಿಯಲ್ಲೆಲ್ಲ ಹಬ್ಬೀತೆಂದು ಅಂಜುವವರಿಗೆ ನೆರೆಯ ಅಂಗಡಿ ಹತ್ತಿರವಿದ್ದದ್ದೇ ತೊಡಕು.

ಅಗ್ಗದ ಔಷಧದ ಬಗ್ಗೆ ಜನರ ಅನುಮಾನ ಇನ್ನೊಂದು ಎಳೆ. ವಡೋದರಾದ ಲೋಕಾಸ್ಟ್ ಸಂಸ್ಥೆ 1983ರಿಂದಲೇ ಅಗತ್ಯ ಔಷಧಗಳನ್ನು ಕಡಿಮೆ ಬೆಲೆಗೆ ತಯಾರಿಸುತ್ತ, ಸಾಮಾನ್ಯರಿಗೆ ಔಷಧಗಳ ಕೈಪಿಡಿಯನ್ನೂ ಹೊರತಂದಿತು. 2017ರ ಏಪ್ರಿಲ್ 17ರಂದು ಸೂರತ್‌ನ ಕಿರಣ್ ಆಸ್ಪತ್ರೆಯ ಉದ್ಘಾಟನೆಯಲ್ಲಿ ಪ್ರಧಾನಿ ನರೇಂದ್ರ ಮೋದಿ, ವೈದ್ಯರು ಜೆನೆರಿಕ್ ಹೆಸರಿನಲ್ಲೇ ಬರೆಯುವಂತೆ ಕಾನೂನು ತರುವ ಮಾತಾಡಿದಾಗ ಚರ್ಚೆ ಬಿಸಿಯೇರಿತು. ಡಾಕ್ಟರು ಬ್ರಾಂಡ್ ಬರೆಯದಿದ್ದರೆ ಆಯ್ಕೆ ಅಂಗಡಿಯವನ ಕೈಗೆ ಹೋಗುತ್ತದೆ, ಆತ ನೋಡುವುದು ತನ್ನ ಲಾಭವನ್ನು ಎಂಬ ಆಕ್ಷೇಪ ಆಗ ಕೇಳಿಬಂತು. ಫಾರ್ಮಸಿಸ್ಟನಿಗೆ ಹೆಚ್ಚಿನ ಅಧಿಕಾರ ಕೊಡುವ ಯಾವ ಪ್ರಸ್ತಾಪಕ್ಕೂ ಎದುರಾಗುವ ಪ್ರಶ್ನೆ ಇದು.

ಕೋವಿಡ್ ಕಾಲದಲ್ಲಿ ಅಂಗಡಿಗಳು ಲಾಕ್‌ಡೌನಿನಲ್ಲೂ ತೆರೆದಿದ್ದವು. 2020ರ ಮಾರ್ಚ್ 26ರ ಕೇಂದ್ರ ಅಧಿಸೂಚನೆ ಮನೆಬಾಗಿಲಿಗೆ ಔಷಧ ತಲುಪಿಸಲು ಅನುಮತಿ ಕೊಟ್ಟಿತು. ಚೀಟಿಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ರೂಢಿ ಗಟ್ಟಿಯಾದದ್ದು ಆಗ.

ಇಂಗ್ಲೆಂಡಿನಲ್ಲಿ 2024ರ ಜನವರಿ 31ರಿಂದ ಏಳು ಸಾಮಾನ್ಯ ಕಾಯಿಲೆಗಳಿಗೆ ಫಾರ್ಮಸಿಸ್ಟರೇ ಚಿಕಿತ್ಸೆ ಕೊಡಬಹುದು, ಸರ್ಕಾರ ಹಣ ಕೊಡುತ್ತದೆ. ಇಲ್ಲಿ ಹಾಗಿಲ್ಲ. ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲಿ ರೋಗಿಯ ಪಕ್ಕ ನಿಲ್ಲುವ ಫಾರ್ಮಸಿಸ್ಟರನ್ನು ತಯಾರಿಸತೊಡಗಿತು, 2008ರಲ್ಲಿ ದೇಶದಲ್ಲಿ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಬಂತು. ಆದರೆ ಸಲಹೆಗೆಂದು ಕಾಸು ಬಿಚ್ಚುವ ರೂಢಿ ಅಹಮದಾಬಾದಿನಲ್ಲೂ ಇಲ್ಲ, ಮೈಸೂರಿನಲ್ಲೂ ಇಲ್ಲ. 2013ರ ಬೆಲೆ ನಿಯಂತ್ರಣ ಆದೇಶದಂತೆ ನಿಯಂತ್ರಿತ ಔಷಧದ ಮೇಲೆ ಚಿಲ್ಲರೆ ಅಂಗಡಿಗೆ ಲೆಕ್ಕ ಹಾಕಿರುವ ಲಾಭ ಶೇ. 16. ಬಿ.ಪಿ. ನೋಡುವ ಐದು ನಿಮಿಷವನ್ನೂ ಅಂಗಡಿಯಾತ ಅದರಲ್ಲೇ ಹೊಂದಿಸಿಕೊಳ್ಳಬೇಕು.