ಸೋತ ಪಂದ್ಯದ ಹದಿಮೂರು ವಿಕೆಟ್ಟುಗಳು

ಮೈಸೂರಿನ ಕೃಷ್ಣಮೂರ್ತಿಪುರಂನ ಜಗಲಿಗಳ ಮೇಲೆ ರೇಡಿಯೋವನ್ನಿಟ್ಟು, ನೆರೆಹೊರೆಯವರೆಲ್ಲ ಕಾಫಿಯ ಲೋಟವನ್ನು ಹಿಡಿದು ಕ್ರಿಕೆಟ್ಟಿನ ವೀಕ್ಷಕವಿವರಣೆಯನ್ನು ಕೇಳುತ್ತಿದ್ದ ಪರಿಪಾಠವು, ದೂರದರ್ಶನವು ಬಂದ ಮೇಲೆ ನಡುಮನೆಗೆ ಸರಿಯಿತು. ಆದರೆ ಮರಿಮಲ್ಲಪ್ಪ ಶಾಲೆಯಲ್ಲಿ ಓದಿದ ನಮ್ಮೂರಿನ ಜಾವಗಲ್ ಶ್ರೀನಾಥರು ಚೆಂಡನ್ನು ಹಿಡಿದು ಓಡಿಬರಲಾರಂಭಿಸಿದೊಡನೆ ಉಸಿರು ಬಿಗಿಹಿಡಿಯುವ ಅಭ್ಯಾಸವು ಮಾತ್ರ ಮೊದಲಿನಂತೆಯೇ ಉಳಿಯಿತು.

1999ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಪಾಕಿಸ್ತಾನದೆದುರು ನಡೆದ ಟೆಸ್ಟಿನಲ್ಲಿ ಅವರು ಮೊದಲ ಸರದಿಯಲ್ಲಿ 46 ಓಟಗಳಿಗೆ 5, ಎರಡನೆಯದರಲ್ಲಿ 86ಕ್ಕೆ 8 ವಿಕೆಟ್ಟುಗಳನ್ನು ಕಿತ್ತರು. ಸಚಿನ್ ತೆಂಡೂಲ್ಕರರು ಶೋಯೆಬ್ ಅಖ್ತರರಿಗೆ ತಾಗಿ ರನೌಟಾದುದರಿಂದ ಪ್ರೇಕ್ಷಕರು ಕ್ರುದ್ಧರಾದರು. ಕಡೆಯ ದಿನ ಅವರನ್ನು ಹೊರಗೆ ಕಳುಹಿಸಿ, ಬರಿದಾದ ಆಸನಗಳ ನಡುವೆ ಆಟವನ್ನು ಮುಗಿಸಬೇಕಾಯಿತು. ಭಾರತವು 46 ಓಟಗಳಿಂದ ಸೋತಿತು. ಪಂದ್ಯಶ್ರೇಷ್ಠ ಗೌರವವು, ಔಟಾಗದೆ 188 ಓಟಗಳನ್ನು ಗಳಿಸಿದ ಪಾಕಿಸ್ತಾನದ ಸಯೀದ್ ಅನ್ವರರಿಗೂ ಶ್ರೀನಾಥರಿಗೂ ಜಂಟಿಯಾಗಿ ಸಂದಿತು, ಅದು ನ್ಯಾಯವೇ. ಪ್ರೇಕ್ಷಕನಿಗೆ ಅಂತಾರಾಷ್ಟ್ರೀಯ ಸ್ಪರ್ಧೆಯೆಂದರೆ ಜಯಾಪಜಯಗಳ ಉದ್ವೇಗ. ಆಟಗಾರನಿಗಾದರೋ ಚಪ್ಪಾಳೆಯಿಲ್ಲದಾಗಲೂ ಮಾಡಿ ಮುಗಿಸಬೇಕಾದ ಕರ್ತವ್ಯ. ಶ್ರೀನಾಥರ ಶ್ರೇಷ್ಠ ಸಾಧನೆಯು ಯಾವ ಗೆಲುವಿನಲ್ಲಿಯೂ ಅಲ್ಲ, ಈ ಸೋಲಿನಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ. 67 ಟೆಸ್ಟುಗಳಲ್ಲಿ 236 ವಿಕೆಟ್ಟುಗಳನ್ನು ಪಡೆದ ಅವರು, ಒಂದೇ ಪಂದ್ಯದಲ್ಲಿ 13ನ್ನು ಮೀರಿ ಎಂದೂ ಪಡೆಯಲಿಲ್ಲ.