ನಾಲ್ಕು ಸೂತಿನ ತಿರುಪು

ಗೋಕಾಕದಲ್ಲಿ ಘಟಪ್ರಭೆ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತಾಳೆ. ನೋಡಹೋದವರು ನೀರನ್ನು ನೋಡುತ್ತಾರೆ, ತೂಗುಸೇತುವೆಯ ಮೇಲೆ ನಡೆದಾಡುತ್ತಾರೆ, ನೂಲಿನ ಗಿರಣಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸುತ್ತಾರೆ. ಆ ಗಿರಣಿಯ ಯಂತ್ರಗಳನ್ನು ಬಿಗಿಹಿಡಿದ ತಿರುಪುಮೊಳೆಯನ್ನು ನೋಡುವವರು ಯಾರು? ಆದರೂ ಅರಸುಮನೆತನಗಳಿಗೆ ಇರುವಂತೆ ಅದಕ್ಕೂ ಒಂದು ಚರಿತ್ರೆಯುಂಟು.

ಬೀಳುವ ನೀರಿನ ಬಲದಿಂದ ಇಲ್ಲಿ ನೂಲು ತೆಗೆಯತೊಡಗಿದ್ದು 1887ರಲ್ಲಿ. ಆ ಕಾಲಕ್ಕೆ ಭಾರತದ ಗಿರಣಿಗಳಿಗೆ ಯಂತ್ರಗಳು ಬಹುಮಟ್ಟಿಗೆ ಲ್ಯಾಂಕಶೈರಿನಿಂದ ಬರುತ್ತಿದ್ದವು. ಅವುಗಳೊಡನೆ ಹಡಗೇರಿ ಬಂದದ್ದು ವಿಟ್‌ವರ್ತನ ತಿರುಪು.

ಯಾರು ಈ ವಿಟ್‌ವರ್ತ್? ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಾರ್ಖಾನೆಗೊಂದು ತಿರುಪು. ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಕೂಡುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಅನೇಕ ಕಾರ್ಖಾನೆಗಳಿಂದ ತಿರುಪುಗಳನ್ನು ಕೂಡಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟ. ಸುತ್ತಿನ ಕೋನ 55 ಅಂಶ. ಇಂತಿಷ್ಟು ದಪ್ಪಕ್ಕೆ ಅಂಗುಲಕ್ಕೆ ಇಂತಿಷ್ಟು ಸುತ್ತು. ಅರ್ಧ ಅಂಗುಲದ ಬೋಲ್ಟಿಗೆ 12 ಸುತ್ತು. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಅದು ನಾಲ್ಕು ಸೂತಿನ ಬೋಲ್ಟು. ಅಂಗುಲದ ಎಂಟನೆಯ ಒಂದು ಪಾಲಿಗೆ ಒಂದು ಸೂತು.

ಅಮೆರಿಕದವರು ಬೇರೆ ದಾರಿ ಹಿಡಿದರು. 1864ರಲ್ಲಿ ವಿಲಿಯಂ ಸೆಲರ್ಸ್ 60 ಅಂಶದ ಕೋನವನ್ನು ಸೂಚಿಸಿದ. ಅವರ ಅರ್ಧ ಅಂಗುಲದ ಬೋಲ್ಟಿಗೆ ಸುತ್ತು 13. ಒಂದೇ ಒಂದು ಸುತ್ತಿನ ಅಂತರ! ಅದೇನು ಮಹಾ ಎಂದು ಓದುಗರು ಕೇಳಬಹುದು. ಹನ್ನೆರಡರ ನಟ್ಟಿಗೆ ಹದಿಮೂರರ ಬೋಲ್ಟು ಹಾಕಿದರೆ ಮೊದಲು ಸಲೀಸಾಗಿ ಹೋಗುತ್ತದೆ; ನಾಲ್ಕಾರು ತಿರುವಿನಲ್ಲಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ಸುತ್ತು ಸವೆದು ಎರಡೂ ಕೆಡುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತವು. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂರೂ ಕುಳಿತು ಒಂದು ಸಾಮಾನ್ಯ ತಿರುಪಿಗೆ ಸಹಿ ಹಾಕಿದವು.

ನಮ್ಮಲ್ಲಿ 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. 1956ರ ಕಾನೂನಿನಿಂದ ಮೆಟ್ರಿಕ್ ಅಳತೆ ಬಂತು. ಅಂಗುಲದ ತಿರುಪು ಹಿಂದೆ ಸರಿದು ಮಿಲಿಮೀಟರಿನ ತಿರುಪು ಮುಂದೆ ಬಂತು. 1969ರಲ್ಲಿ ಹುಕ್ಕೇರಿಯ ಜನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ವಿದ್ಯುತ್ತು ಬಂದಲ್ಲಿ ಮೋಟರು ಬರುತ್ತದೆ, ಮೋಟರಿನ ಹಿಂದೆ ಪಂಪು. ಮೋಟರು ಒಬ್ಬರದು, ಪಂಪು ಇನ್ನೊಬ್ಬರದು, ಬೋಲ್ಟು ಪೇಟೆಯ ಅಂಗಡಿಯದು. ಮೂರೂ ಕೂಡಬೇಕಾದರೆ ಎಲ್ಲೋ ಯಾರೋ ಮೊದಲೇ ಒಪ್ಪಿಕೊಂಡಿರಬೇಕು. ಗೋಕಾಕದಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಮೂಡಲಗಿಯ ರೈತ, ಒಂದು ಬೋಲ್ಟು ಮುರಿದರೆ ಯಂತ್ರ ಮಾಡಿದ ಕಂಪನಿಯ ಬಾಗಿಲು ಕಾಯಬೇಕಾಗಿಲ್ಲ. ಈ ಒಪ್ಪಂದ ಅವನಿಗೆ ಕೊಟ್ಟ ಸ್ವಾತಂತ್ರ್ಯ ಸಣ್ಣದಲ್ಲ.

ಈಗ ಅದೇ ಒಪ್ಪಂದ ಗಣಕಯಂತ್ರದೊಳಕ್ಕೂ ಹೊಕ್ಕಿದೆ. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ನಕ್ಷೆ ಬರೆದು ತೋರಿಸಿದ. ಇಂದು ಇಂಜಿನಿಯರಿಂಗ್ ಕಲಿಯುವ ಹುಡುಗಿ ತಿರುಪನ್ನು ಬರೆಯುವುದೇ ಇಲ್ಲ, ಕೇಳುತ್ತಾಳೆ. ಒಳ ಷಟ್ಕೋನದ ತಲೆಯ ‘ಎಂ6’ ಎಂದು ಆರಿಸಿ, ಉದ್ದ ಹೇಳಿದರೆ ಸಾಕು: ತಲೆಯ ಅಗಲ 10 ಮಿಲಿಮೀಟರು, ಎತ್ತರ 6, ಸುತ್ತಿನಿಂದ ಸುತ್ತಿಗೆ 1. ಮಾನಕದ ಕೋಷ್ಟಕವನ್ನು ಓದಿ ಉಪಕರಣವೇ ತಿರುಪನ್ನು ರೂಪಿಸುತ್ತದೆ. ಗಣಕಕ್ಕೆ ಹೊರೆಯಾಗಬಾರದೆಂದು ಸುತ್ತುಗಳನ್ನು ಕೊರೆಯದೆ, ಬರಿಯ ಗುರುತಿನಿಂದ ತೋರಿಸುವುದೇ ವಾಡಿಕೆ. ಒಂದು ಕಾಲಕ್ಕೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಅರೆಗಳಿಗೆಯಲ್ಲಿ ಮುಗಿಯುತ್ತದೆ. ಇದನ್ನು ಹಳಿಯುವುದು ಸಲ್ಲದು.

ಆದರೆ ಒಂದು ಮಾತು. ಹಳೆಯ ಯಂತ್ರವೊಂದರ ಬೋಲ್ಟು ಮುರಿದಿದೆಯೆನ್ನಿ. ದಪ್ಪ ಅಳೆದರೆ 12.7 ಮಿಲಿಮೀಟರು. ಪಟ್ಟಿಯಲ್ಲಿ ಹತ್ತಿರ ಕಾಣುವುದು ‘ಎಂ12’. ಆರಿಸಿದರೆ ಪರದೆಯ ಮೇಲೆ ಅಂದವಾಗಿಯೇ ಕೂಡುತ್ತದೆ, ಯಂತ್ರದಲ್ಲಿ ಸಡಿಲವಾಗುತ್ತದೆ. ಉಪಕರಣ ಸುಳ್ಳು ಹೇಳಲಿಲ್ಲ, ಕೇಳಿದ್ದನ್ನು ಕೊಟ್ಟಿತು. ಸುತ್ತು ಎಣಿಸುವ ಗೇಜನ್ನು ಹಲ್ಲಿಗೆ ಹಚ್ಚಿ, ಬೆಳಕಿಗೆ ಹಿಡಿದು, ‘ಇದು ನಾಲ್ಕು ಸೂತಿನದು, ಹನ್ನೆರಡರ ಸುತ್ತು’ ಎನ್ನುವ ಮೇಸ್ತ್ರಿಗೆ ವಿಟ್‌ವರ್ತನ ಹೆಸರು ಗೊತ್ತಿರಲಿಕ್ಕಿಲ್ಲ. ಆತನ ಚರಿತ್ರೆ ಬೆರಳಿನಲ್ಲಿದೆ.

ಕೋಷ್ಟಕ ಗಣಕದೊಳಗೆ ಉಳಿಯುತ್ತದೆ. ಯಾವ ಕೋಷ್ಟಕವನ್ನು ತೆರೆಯಬೇಕೆಂಬ ತಿಳಿವು ಕೈಯಿಂದ ಕೈಗೆ ಬರಬೇಕು. ಹುಡುಗಿ ಒಂದು ಮಧ್ಯಾಹ್ನ ಮೇಸ್ತ್ರಿಯ ಪಕ್ಕದಲ್ಲಿ ನಿಂತರೆ ಇಬ್ಬರಿಗೂ ಲಾಭ.